ಹತ್ತು ನಿಮಿಷದ ಪರಮಾಣು, ಒಂದು ಗಂಟೆಯ ಲೋಕಲ್

ಮುಂಬೈ ಬಳಿಯ ವಿಠ್ಠಲವಾಡಿಯಲ್ಲಿ ಸ್ಲೋ ಲೋಕಲ್ ಹತ್ತಿದವರಿಗೆ ನಗರದ ಪರೇಲ್‌ನಲ್ಲಿ ಇಳಿಯಲು ಗಂಟೆಗೂ ಹೆಚ್ಚು ಬೇಕು. ಹೃದಯದ ಸ್ನಾಯುವಿಗೆ ಎಷ್ಟು ರಕ್ತ ಹರಿಯುತ್ತಿದೆ ಎಂಬುದನ್ನು ಅಳೆದು ಹೇಳಬಲ್ಲ ನೈಟ್ರೋಜನ್-13ರ ಅರ್ಧಾಯು ಹತ್ತೇ ನಿಮಿಷ. ಪರೇಲ್‌ನಲ್ಲಿ ತಯಾರಿಸಿ ಅದೇ ಲೋಕಲ್‌ನಲ್ಲಿ ಕಳಿಸಿದರೆ ವಿಠ್ಠಲವಾಡಿಗೆ ಅರವತ್ನಾಲ್ಕರಲ್ಲಿ ಒಂದು ಪಾಲೂ ಮುಟ್ಟುವುದಿಲ್ಲ. ಯಾವ ಊರಿನ ರೋಗಿಗೆ ಯಾವ ಪರೀಕ್ಷೆ ಎಂಬುದನ್ನು ಎಷ್ಟೋ ಸಲ ಈ ಅರ್ಧಾಯುವೇ ತೀರ್ಮಾನಿಸಿದೆ.

ಮೈ ಕೊಯ್ಯದೆ ರಕ್ತದ ವೇಗ ಅಳೆಯುವ ಆಸೆ ಹಳೆಯದು. 1920ರ ದಶಕದಲ್ಲಿ ಬೋಸ್ಟನ್‌ನ ವೈದ್ಯ ಹರ್ಮನ್ ಬ್ಲೂಮ್‌ಗಾರ್ಟ್ ಒಂದು ತೋಳಿಗೆ ವಿಕಿರಣಶೀಲ ದ್ರಾವಣ ಚುಚ್ಚಿ, ಅದು ಇನ್ನೊಂದು ತೋಳಿಗೆ ಬರುವ ಹೊತ್ತನ್ನು ಗುರುತು ಹಾಕಿಕೊಂಡರು. ಹೃದಯದ ಚಿತ್ರವೇ ಸಿಗಬೇಕಾದರೆ 1950ರ ದಶಕದ ಕೊನೆಯಲ್ಲಿ ಎಂಜಿನಿಯರ್ ಹ್ಯಾಲ್ ಆಂಗರ್ ಕಟ್ಟಿದ ಗಾಮಾ ಕ್ಯಾಮೆರಾ ಬರಬೇಕಾಯಿತು; ಹೃದಯದ ಸ್ನಾಯುವಿಗೆ ಸೇರಿ ಅದರ ಹರಿವನ್ನು ತೋರಿಸುವ ಐಸೋಟೋಪ್ ಥಾಲಿಯಂ-201 ಬಂದದ್ದು 1970ರ ದಶಕದಲ್ಲಿ.

ಆಗಲೇ ಹೃದ್ರೋಗ ತಜ್ಞ ಲ್ಯಾನ್ಸ್ ಗೌಲ್ಡ್ ಒಂದು ಕಣ್ತೆರೆಸುವ ಪ್ರಯೋಗ ಮಾಡಿದರು. 1974ರಲ್ಲಿ ಪ್ರಕಟವಾದ ಅದರಲ್ಲಿ, ನಾಯಿಯ ಹೃದಯನಾಳವನ್ನು ಸುಮಾರು ಶೇ 85ರಷ್ಟು ಬಿಗಿದರೂ ವಿಶ್ರಾಂತಿಯ ಹರಿವು ಕುಗ್ಗಲಿಲ್ಲ. ಹರಿವು ಗರಿಷ್ಠ ಮಟ್ಟಕ್ಕೆ ಏರಬೇಕಾದಾಗ ಮಾತ್ರ, ನಾಳ ಅರ್ಧ ಮುಚ್ಚುವ ಮುನ್ನವೇ ಕೊರತೆ ಕಾಣಿಸಿತು. ಟ್ರೆಡ್‌ಮಿಲ್ ಮೇಲೆ ಓಡಿಸುವುದು, ಓಡಲಾಗದವರಿಗೆ ನಾಳ ಹಿಗ್ಗಿಸುವ ಅಡೆನೋಸಿನ್ ಕೊಡುವುದು ಇದಕ್ಕೇ.

ನಮ್ಮಲ್ಲಿ ಈ ಕಥೆ ಟ್ರಾಂಬೆ–ವಾಶಿ ಕಡೆ ತಿರುಗುತ್ತದೆ. 1963ರಲ್ಲಿ ಪರೇಲ್‌ನಲ್ಲಿ ವಿಕಿರಣ ವೈದ್ಯ ಕೇಂದ್ರ ಆರಂಭವಾಗಿತ್ತು. ವೈದ್ಯಕೀಯ ಐಸೋಟೋಪ್‌ಗಳನ್ನೂ ತಯಾರಿಸುವ, ಟ್ರಾಂಬೆಯ ಧ್ರುವ ರಿಯಾಕ್ಟರ್ 1985ರ ಆಗಸ್ಟ್‌ನಲ್ಲಿ ಚಾಲೂ ಆದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರಿನ ರಾಜಾ ರಾಮಣ್ಣ. ಬಾಂಬಿನ ಹೆಸರಿನೊಂದಿಗೆ ಅವರನ್ನು ನೆನೆಯುವ ನಾವು ಐಸೋಟೋಪಿನ ಹೆಸರಿನೊಂದಿಗೆ ನೆನೆಯುವುದು ಕಡಿಮೆ. 1989ರಲ್ಲಿ ರೂಪುಗೊಂಡ, ನವಿ ಮುಂಬೈನ ವಾಶಿಯಲ್ಲಿರುವ ‘ಬ್ರಿಟ್’ ಸಂಸ್ಥೆ ಆಸ್ಪತ್ರೆಗಳಿಗೆ ಹೃದಯದ ಸ್ಕ್ಯಾನ್‌ಗೂ ಬಳಸುವ ಟೆಕ್ನೀಷಿಯಂನ ಜನರೇಟರ್, ಕಿಟ್‌ಗಳನ್ನು ಪೂರೈಸುತ್ತದೆ. ಜನರೇಟರಿನ ಜಾಣ್ಮೆ ಇಷ್ಟೇ: ಟೆಕ್ನೀಷಿಯಂ-99ಎಂ ಅರ್ಧಾಯು ಆರು ಗಂಟೆ, ಅದನ್ನು ಹಡೆಯುವ ಮಾಲಿಬ್ಡಿನಂ-99ರದು 66 ಗಂಟೆ. ಮಾಲಿಬ್ಡಿನಂ ಎಂಬ ಹಸು ಆಸ್ಪತ್ರೆಯಲ್ಲೇ ಇರುತ್ತದೆ, ಬೇಕಾದಾಗ ಹಾಲು ಕರೆದುಕೊಂಡರಾಯಿತು.

ಆದರೆ ಟೆಕ್ನೀಷಿಯಂ ಕೊಡುವ ಚಿತ್ರ ಹೋಲಿಕೆಯ ಚಿತ್ರ. ಸ್ನಾಯುವಿನ ಒಂದು ಭಾಗ ಇನ್ನೊಂದಕ್ಕಿಂತ ಮಂಕಾಗಿದೆ ಎಂದಷ್ಟೇ ಅದು ಹೇಳುತ್ತದೆ. ಮೂರೂ ನಾಳಗಳು ಒಂದೇ ಸಮ ಕಟ್ಟಿಕೊಂಡಿದ್ದರೆ ಎಲ್ಲವೂ ಸಮನಾಗಿ ಮಂಕಾಗಿ, ವರದಿ ‘ನಾರ್ಮಲ್’ ಎನ್ನಬಹುದು. ಇಲ್ಲಿ ಪೆಟ್ ಸ್ಕ್ಯಾನ್ ಬೇರೆ ದಾರಿಯದು: ರಕ್ತದಿಂದ ಸ್ನಾಯುವಿಗೆ ಐಸೋಟೋಪ್ ಸೇರುವುದನ್ನು ಕ್ಷಣಕ್ಷಣಕ್ಕೂ ಎಣಿಸಿ, ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಎಂದು ಅಂಕಿ ಕೊಡುತ್ತದೆ. ವಿಶ್ರಾಂತಿಯಲ್ಲಿ ಅದು ಹೆಚ್ಚುಕಡಿಮೆ ಒಂದು. ಆರೋಗ್ಯವಂತ ಹೃದಯದಲ್ಲಿ ಮೂರು-ನಾಲ್ಕು ಪಟ್ಟು ಏರಬೇಕು. ಎರಡು ಪಟ್ಟೂ ಏರದಿದ್ದರೆ ಚಿಂತಿಸಬೇಕಾದದ್ದೇ.

ನೈಟ್ರೋಜನ್-13ರಂಥ ಪೆಟ್ ಐಸೋಟೋಪ್‌ಗಳನ್ನು ತಯಾರಿಸಬಲ್ಲ, ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಪರೇಲ್‌ನಲ್ಲಿ 2002ರಲ್ಲಿ ಬಂತು. ಈಗ ಹೊಸ ಸಿಜೆಡ್‌ಟಿ (ಕ್ಯಾಡ್ಮಿಯಂ-ಜಿಂಕ್-ಟೆಲ್ಯುರೈಡ್) ಕ್ಯಾಮೆರಾಗಳು ಟೆಕ್ನೀಷಿಯಂನಿಂದಲೇ ಅಂಕಿ ತೆಗೆಯಲು ಕಲಿತಿವೆ. ನಿಖರತೆಯಲ್ಲಿ ಪೆಟ್ ಇನ್ನೂ ಮುಂದಿದೆ.

ಸ್ಕ್ಯಾನ್ ನಾರ್ಮಲ್ ಬಂದೂ ಎದೆನೋವು ನಿಲ್ಲದಿದ್ದರೆ, ಅದು ಹೋಲಿಕೆಯ ಚಿತ್ರವೋ ಮಿಲಿಲೀಟರ್ ಅಳತೆಯೋ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.