ಕಬ್ಬಿಣ ಎತ್ತುವ ಕೈ ಚುಂಬಕ: ಅದರ ರಚನೆ ಹಾಗೂ ಬಳಕೆ



ಕಳೆದ ಹಂಗಾಮಿನ ಕೊನೆಯಲ್ಲಿ ನಮ್ಮ ಸದಸ್ಯರೊಬ್ಬರ ಎತ್ತು ಎಂಟು ದಿನ ಮೇವು ಬಿಟ್ಟು ಸತ್ತಿತು. ಪಶುವೈದ್ಯರು ಹೊಟ್ಟೆ ಕೊಯ್ದು ನೋಡಲಾಗಿ, ಬೆರಳುದ್ದದ ತಂತಿಯೊಂದು ಎರಡನೆಯ ಹೊಟ್ಟೆಯನ್ನು ಚುಚ್ಚಿಕೊಂಡು ಹೃದಯದ ಚೀಲದವರೆಗೆ ಹೋಗಿತ್ತು. ದನಗಳು ಮೇವನ್ನು ಸರಿಯಾಗಿ ಅಗಿಯದೆ ನುಂಗುತ್ತವೆ. ಮೇವಿನೊಡನೆ ಹೋದ ಕಬ್ಬಿಣ ಭಾರವಾದುದರಿಂದ ಆ ಎರಡನೆಯ ಹೊಟ್ಟೆಯಲ್ಲಿಯೇ ತಂಗುತ್ತದೆ. ಅದರ ಮುಂದೆಯೇ ಹೃದಯವಿದೆ. ಈ ತಂತಿ ಬಂದದ್ದು ಮನೆ ಕಟ್ಟಿದಾಗ ಸಲಾಕೆ ಬಿಗಿದು ಉಳಿದ ತುಣುಕುಗಳಿಂದ. ಅವು ಬಿದ್ದ ಜಾಗದಲ್ಲಿಯೇ ಕಬ್ಬಿನ ವಾಡೆ ಕತ್ತರಿಸಿ ಎತ್ತಿಗೆ ಹಾಕುತ್ತಿದ್ದರು.

ಆ ಸದಸ್ಯರು ಬಳಿಕ ಪೇಟೆಯಿಂದ ಒಂದು ಕೈ ಚುಂಬಕ ಕೊಂಡು ತಂದರು. ವಾರದ ನಂತರ ಅದನ್ನು ನನ್ನ ಮೇಜಿನ ಮೇಲಿಟ್ಟು, "ಸಾಹೇಬ್ರ, ನೂರು ಕಿಲೋ ಎತ್ತತದ ಅಂತ ಬರದಾರ, ಮಣ್ಣಾಗಿನ ಮೊಳಿ ಎತ್ತವಲ್ದು" ಎಂದರು. ಬರೆದದ್ದು ಸುಳ್ಳಲ್ಲ, ಸಲಕರಣೆಯೂ ಕೆಟ್ಟಿರಲಿಲ್ಲ. ಅದು ಬೇರೆ ಕೆಲಸಕ್ಕೆ ಮಾಡಿದ್ದು. ಹೇಗೆಂಬುದನ್ನು ತಿಳಿದರೆ ಉಳಿದವರ ಹಣವಾದರೂ ಉಳಿದೀತು.

ಲೋಹಚುಂಬಕಕ್ಕೆ, ಅಂದರೆ ಶಾಲೆಯ ಪುಸ್ತಕದ ಅಯಸ್ಕಾಂತಕ್ಕೆ, ಉತ್ತರ ಮತ್ತು ದಕ್ಷಿಣ ಎಂಬ ಎರಡು ಧ್ರುವಗಳಿರುತ್ತವೆ. ಅದರ ಬಲವು ಒಂದು ಧ್ರುವದಿಂದ ಹೊರಟು ಇನ್ನೊಂದಕ್ಕೆ ಸುತ್ತಿ ಬರುತ್ತದೆ. ಈ ಬಲಕ್ಕೆ ಕಬ್ಬಿಣದ ದಾರಿ ಸುಲಭ, ಗಾಳಿಯ ದಾರಿ ಕಷ್ಟ. ನೀರು ಮಡಿಯ ಏರಿ ಬಿಟ್ಟು ಕಾಲುವೆ ಹಿಡಿಯುವಂತೆ, ಹತ್ತಿರ ಬಂದ ಕಬ್ಬಿಣದೊಳಗೆ ಅದು ಹಾಯುತ್ತದೆ. ಆಗ ಮೊಳೆಯೂ ತಾತ್ಕಾಲಿಕವಾಗಿ ಚುಂಬಕವಾಗಿ ಅಂಟಿಕೊಳ್ಳುತ್ತದೆ. ಆದರೆ ನಡುವೆ ತುಸು ಸಂದು ಬಿದ್ದರೂ ಹಿಡಿತ ಬೇಗನೆ ಕುಗ್ಗುತ್ತದೆ. ದಪ್ಪ ಬಣ್ಣ, ತುಕ್ಕು, ಧೂಳು ಇವೂ ಸಂದುಗಳೇ.

ನಮ್ಮ ಸದಸ್ಯರು ತಂದದ್ದು ವರ್ಕ್‌ಶಾಪಿನಲ್ಲಿ ಕಬ್ಬಿಣದ ತಗಡು ಎತ್ತುವ ಮಾದರಿ. ಅದರಲ್ಲಿ ಎರಡು ಕಬ್ಬಿಣದ ಪಾದಗಳಿವೆ. ಅವುಗಳ ನಡುವೆ ಒಂದರ ಮೇಲೊಂದು ಎರಡು ಚುಂಬಕಗಳು. ಕೆಳಗಿನದು ಸ್ಥಿರ, ಮೇಲಿನದು ಹಿಡಿಕೆಯೊಡನೆ ತಿರುಗುತ್ತದೆ. ಎರಡರ ಉತ್ತರ ಧ್ರುವಗಳೂ ಒಂದೇ ಪಾದದ ಕಡೆ ಬಂದರೆ ಬಲಕ್ಕೆ ಒಳಗೆ ದಾರಿಯಿಲ್ಲ. ಪಾದದಿಂದ ಹೊರಟು ತಗಡಿನ ಮೂಲಕ ಇನ್ನೊಂದು ಪಾದಕ್ಕೆ ಹೋಗಿ ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿಕೆಯನ್ನು ಅರ್ಧ ಸುತ್ತು ತಿರುಗಿಸಿದರೆ ಒಂದರ ಉತ್ತರ ಧ್ರುವ ಇನ್ನೊಂದರ ದಕ್ಷಿಣ ಧ್ರುವದ ಮೇಲೆ ಬರುತ್ತದೆ. ಬಲವೆಲ್ಲ ಪಾದದೊಳಗೇ ಸುತ್ತಿ ಮುಗಿಯುತ್ತದೆ, ತಗಡು ಬಿಡುತ್ತದೆ. ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ, ಚುಂಬಕದ ಶಕ್ತಿಯೂ ಎಲ್ಲಿಗೂ ಹೋಗಿಲ್ಲ, ಬದಲಾದದ್ದು ದಾರಿ ಮಾತ್ರ. ಯಾರು ಮೊದಲು ಯೋಚಿಸಿದರೋ, ಜಾಣರು!

ಇಂತಹ ಚುಂಬಕದ ಎರಡು ಧ್ರುವಗಳೂ ಪಕ್ಕಪಕ್ಕದಲ್ಲಿರುವುದರಿಂದ ತಾಗಿದಲ್ಲಿ ಹಿಡಿತ ಭಾರಿ, ಆದರೆ ದೂರಕ್ಕೆ ಎಟುಕುವುದಿಲ್ಲ. ನೂರು ಕಿಲೋ ಎಂಬ ಅಂಕೆ ದಪ್ಪನೆಯ, ಸಪಾಟಾದ, ಸ್ವಚ್ಛ ತಗಡಿಗೆ ಸಂಬಂಧಿಸಿದ್ದು. ತೆಳು ತಗಡಿನ ಮೇಲೆ ಅಷ್ಟು ಹಿಡಿತವಿರದು. ಪಕ್ಕಕ್ಕೆ ಜಾರುವ ಭಾರವನ್ನಂತೂ ಅದರ ಸಣ್ಣ ಪಾಲಿನಷ್ಟೇ ತಡೆದೀತು. ಎತ್ತಿದ ಭಾರದ ಕೆಳಗೆ ಕೈ ಕಾಲು ಒಡ್ಡಬಾರದು.

ಹಿತ್ತಲಿಗೆ ಬೇಕಾದದ್ದು ಕೊಳವೆಯ ಮಾದರಿ. ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್ಕಿನ ಕೊಳವೆ, ಅದರ ತಳ ತೆಳುವಾಗಿ ಮುಚ್ಚಿರುತ್ತದೆ. ಒಳಗೆ ಸಲಾಕೆಯ ತುದಿಗೆ ಚುಂಬಕ, ಮೇಲೆ ಸ್ಪ್ರಿಂಗು ಮತ್ತು ಗುಂಡಿ. ಚುಂಬಕ ತಳಕ್ಕೆ ಇಳಿದಿರುವಾಗ ಮೊಳೆಗಳು ಹೊರಗಿನಿಂದ ತಳಕ್ಕೆ ಅಂಟುತ್ತವೆ. ಗುಂಡಿ ಎಳೆದರೆ ಚುಂಬಕ ಒಳಗೆ ಮೇಲೇರುತ್ತದೆ. ಮೊಳೆಗಳು ಹಿಂಬಾಲಿಸಲಾರದೆ ಉದುರುತ್ತವೆ. ಇದಿಲ್ಲದ ಬರಿಯ ಚುಂಬಕಕ್ಕೆ ಅಂಟಿದ ತಂತಿಚೂರುಗಳನ್ನು ಕೈಯಿಂದ ಕೀಳುವುದರಲ್ಲಿ ಬೆರಳೇ ಹರಿಯುತ್ತವೆ. ಕೊಳವೆಯನ್ನು ಕಬ್ಬಿಣದಿಂದ ಮಾಡಿದರೆ ಬಲ ಅದರ ಗೋಡೆಯಲ್ಲಿಯೇ ಹಾಯ್ದುಹೋಗಿ ಹೊರಗೆ ಬಾರದು. ಕೊಳ್ಳುವಾಗ ನೂಲಿಗೆ ಕಟ್ಟಿದ ಮೊಳೆಯನ್ನು ತಂದು, ಎಷ್ಟು ದೂರದಿಂದ ಸೆಳೆಯುತ್ತದೆಂದು ನೋಡಿರಿ. ನಮಗೆ ಬೇಕಾದ ಪರೀಕ್ಷೆ ಅದೇ.

ಒಳಗಿನ ಚುಂಬಕ ಎರಡು ಬಗೆಯದಿರಬಹುದು. ಲೌಡ್‌ಸ್ಪೀಕರಿನ ಹಿಂದಿರುವ ಕಪ್ಪು ಉಂಗುರದಂತಹ ಫೆರೈಟ್ ಅಗ್ಗ, ತುಕ್ಕು ಹಿಡಿಯದು, ಬಿದ್ದರೆ ಒಡೆಯುತ್ತದೆ. 1980ರ ದಶಕದ ಮೊದಲಲ್ಲಿ ಜಪಾನ್ ಮತ್ತು ಅಮೆರಿಕೆಗಳಲ್ಲಿ ಕಂಡುಹಿಡಿದ ನಿಯೊಡಿಮಿಯಂ ಚುಂಬಕ ಅದಕ್ಕಿಂತ ಎಷ್ಟೋ ಪಾಲು ಪ್ರಬಲ. ಅದರ ನಿಕೆಲ್ ಲೇಪ ಕಿತ್ತರೆ ತುಕ್ಕು ತಿನ್ನುತ್ತದೆ. ಸಾಮಾನ್ಯ ದರ್ಜೆಯದು 80 ಡಿಗ್ರಿ ಸೆಲ್ಸಿಯಸ್ ಮೀರಿ ಕಾದರೆ ಬಲ ಕಳೆದುಕೊಳ್ಳುತ್ತದೆ. ವೆಲ್ಡಿಂಗ್ ಮಾಡುವ ಕಡೆ ಇಡಬೇಡಿರಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಕೂಡದು. ಒಡೆದ ಚೂರುಗಳನ್ನು ಮಕ್ಕಳ ಕೈಗೆ ಕೊಡಬಾರದು. ಎರಡು ಚೂರು ನುಂಗಿದರೆ ಕರುಳನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ವಾಡೆ ಕತ್ತರಿಸುವ ಜಾಗ, ಗೋದಲಿಯ ಸುತ್ತ, ಚಕ್ಕಡಿ ನಿಲ್ಲುವ ಕಡೆ ಕಸ ಗುಡಿಸಿ, ನೆಲದಿಂದ ಅರ್ಧ ಅಂಗುಲ ಮೇಲೆ ಕೊಳವೆಯನ್ನು ನಿಧಾನವಾಗಿ ಆಡಿಸಿರಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಎತ್ತಿಗೆ ಲಾಳ ಕಟ್ಟಿಸಿದ ದಿನ ತಪ್ಪದೆ ಮಾಡಿರಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ, ಪಾತ್ರೆಯ ಬಹುಪಾಲು ಸ್ಟೇನ್‌ಲೆಸ್ ಉಕ್ಕು ಇದಕ್ಕೆ ಸಿಗುವುದಿಲ್ಲ. ಅದಕ್ಕೆ ಕಣ್ಣೇ ಗತಿ.

ಕಬ್ಬಿನ ಹೊರೆಯೊಳಗೆ ಸೇರಿದ ಕೊಯಿತಾದ ತುಂಡು, ಸರಪಳಿಯ ಕೊಂಡಿಗಳಿಗೂ ಇದೇ ಮಾತು. ಅನೇಕ ಕಾರ್ಖಾನೆಗಳಲ್ಲಿ ಗಾಣದ ಮುಂಚೆ ದೊಡ್ಡ ವಿದ್ಯುತ್ ಚುಂಬಕ ಇರುತ್ತದಾದರೂ ಕಬ್ಬಿನ ದಪ್ಪ ಪದರಿನ ತಳದಲ್ಲಿರುವ ಕಬ್ಬಿಣ ಅದಕ್ಕೆ ದೂರವಾಗುತ್ತದೆ. ಅದು ರೋಲರಿನ ಹಲ್ಲು ಮುರಿದರೆ ಗಾಣ ನಿಲ್ಲುತ್ತದೆ, ಎಲ್ಲರ ಕಬ್ಬೂ ಚಕ್ಕಡಿಯಲ್ಲಿ ಒಣಗುತ್ತದೆ.

ಕೊಳವೆಯಿಂದ ಉದುರಿಸಿದ ಮೊಳೆ ತಂತಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿರಿ, ತುಂಬಿದಾಗ ಗುಜರಿಗೆ ಕೊಡಿರಿ. ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಹೊಲಕ್ಕೆ ಹೋಗಿ, ಮೇವಿನೊಡನೆ ಮತ್ತೆ ಗೋದಲಿಗೆ ಬರುತ್ತವೆ.

— ಕಬ್ಬು ಅಭಿವೃದ್ಧಿ ಅಧಿಕಾರಿ