ಪಾಳಿ ಮುಗಿಯುವಾಗಲೇ ಏಕೆ ಈ ಹಪಾಹಪಿ?

ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಎನ್‌ಎಂಡಿಸಿ 1977ರಿಂದ ಕಬ್ಬಿಣದ ಅದಿರು ತೆಗೆಯುತ್ತಿದೆ. ಗಣಿಯಲ್ಲಿ ಸಿಡಿಮದ್ದು ತುಂಬುವ ಕಡೆ, ಡಂಪರಿಗೆ ಡೀಸೆಲ್ ಹಾಕುವ ಕಡೆ ಬೆಂಕಿಕಡ್ಡಿ ಗೀರುವಂತಿಲ್ಲ. ಸಿಗರೇಟಿನ ಚಟವಿದ್ದವರೂ ಅಲ್ಲಿ ಗಂಟೆಗಟ್ಟಲೆ ಬಾಯಿ ಕಟ್ಟಿಕೊಂಡು ದುಡಿಯಬೇಕು. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಹಪಾಹಪಿಗೆ ಈ ಇಳಿಕೆಯೊಂದೇ ಕಾರಣವಾಗಿದ್ದರೆ, ಸೇದದೆ ಕಳೆದ ಹೊತ್ತು ಒಂದೇ ಆಗಿದ್ದಾಗ ಹಪಾಹಪಿಯೂ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು. ಇದನ್ನು ಒರೆಗೆ ಹಚ್ಚಲು ಗಣಿಗಿಂತ ಅನುಕೂಲದ ಜಾಗ ವಿಮಾನ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ರೂವೆನ್ ದಾರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಗರೇಟು ಸೇದುವ ಗಗನಸಖಿಯರು ಮತ್ತು ಅವರ ಪುರುಷ ಸಹೋದ್ಯೋಗಿಗಳು ಚಿಕ್ಕ ಹಾರಾಟದಲ್ಲೂ ದೀರ್ಘ ಹಾರಾಟದಲ್ಲೂ ತಮ್ಮ ಹಪಾಹಪಿಗೆ ಅಂಕ ಕೊಡುತ್ತಾ ಹೋದರು. ಎರಡರಲ್ಲೂ ಅದು ಜೋರಾದದ್ದು ವಿಮಾನ ಇಳಿಯುವ ಹೊತ್ತು ಹತ್ತಿರವಾದಾಗ. ಚಿಕ್ಕ ಹಾರಾಟದ ಕೊನೆಗೆ ಇದ್ದಷ್ಟು ಹಪಾಹಪಿ, ಅಷ್ಟೇ ಗಂಟೆ ಕಳೆದಿದ್ದರೂ ದೀರ್ಘ ಹಾರಾಟದ ನಡುವೆ ಇರಲಿಲ್ಲ. ಎಂದರೆ ಮಿದುಳು ಕಳೆದ ಹೊತ್ತನ್ನಷ್ಟೇ ಅಲ್ಲ, ಸೇದಲು ಸಿಗುವ ಹೊತ್ತನ್ನೂ ಎಣಿಸುತ್ತದೆ.

ಅಂಕಗಳೆಲ್ಲ ಸೇದುವವರೇ ಕೊಟ್ಟವು, ಅದನ್ನು ನೆಚ್ಚುವುದು ಹೇಗೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಉತ್ತರಕ್ಕೆ ಮಿದುಳಿನೊಳಗೇ ಹೋಗಬೇಕು. ಕಿವಿಯ ಮೇಲ್ಭಾಗದ ಒಳಗಡೆ, ಮಿದುಳಿನ ಮಡಿಕೆಯೊಂದರಲ್ಲಿ ಇನ್ಸುಲಾ ಎಂಬ ಭಾಗ ಹುದುಗಿದೆ. ಹಸಿವು, ಎದೆಬಡಿತ, ಗಂಟಲಿನ ಕೆರೆತ ಮುಂತಾದ ದೇಹದೊಳಗಿನ ಸುದ್ದಿಗಳು ಅನುಭವವಾಗಿ ಅರಿವಿಗೆ ಬರುವುದರಲ್ಲಿ ಇದರ ಪಾತ್ರ ದೊಡ್ಡದು. 2007ರಲ್ಲಿ ನಾಸಿರ್ ನಖ್ವಿ, ಆಂಟೊಯಿನ್ ಬೆಚಾರಾ ಮೊದಲಾದವರು ಮಿದುಳಿಗೆ ಪೆಟ್ಟಾಗುವ ಮುನ್ನ ಸಿಗರೇಟು ಸೇದುತ್ತಿದ್ದ 69 ಜನರನ್ನು ಪರಿಶೀಲಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಇನ್ಸುಲಾಕ್ಕೆ ಹಾನಿಯಾದ 19 ಜನರಲ್ಲಿ 13 ಮಂದಿ ಸಿಗರೇಟು ಬಿಟ್ಟಿದ್ದರು. ಆ 13ರಲ್ಲಿ 12 ಮಂದಿಗೆ ಬಿಡುವುದು ಕಷ್ಟವೆನಿಸಿರಲಿಲ್ಲ, ಮತ್ತೆ ಬೇಕೆನಿಸಿಯೂ ಇರಲಿಲ್ಲ. ಕಾಯಿಲೆಯ ಹೆದರಿಕೆಗೇ ಬಿಟ್ಟಿರಬಹುದಲ್ಲ? ಹೆದರಲು ಕಾರಣ ಮಿದುಳಿನ ಬೇರೆಡೆ ಹಾನಿಯಾದ ಉಳಿದ 50 ಜನರಿಗೂ ಇತ್ತು. ಅವರಲ್ಲೂ 19 ಮಂದಿ ಬಿಟ್ಟರು, ಆದರೆ ಸಲೀಸಾಗಿ ಬಿಟ್ಟವರು ನಾಲ್ವರೇ. ನನ್ನ ಮಟ್ಟಿಗೆ ಎಷ್ಟು ಜನ ಬಿಟ್ಟರು ಎನ್ನುವುದಕ್ಕಿಂತ ಹೇಗೆ ಬಿಟ್ಟರು ಎನ್ನುವ ಈ ವ್ಯತ್ಯಾಸವೇ ಮುಖ್ಯ. ಮನಸ್ಸು ಗಟ್ಟಿಯಿಲ್ಲ ಎಂದು ಚಟದವರನ್ನು ಬೈಯುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು: ಆ 12 ಮಂದಿಯ ಮನಸ್ಸು ಒಮ್ಮೆಗೇ ಗಟ್ಟಿಯಾಯಿತೆ?

ಹಾಗೆಂದು ನಿಕೋಟಿನ್ ನಿರಪರಾಧಿಯಲ್ಲ. ಎಳೆದ ಹೊಗೆಯಿಂದ ಅದು ಕೆಲವೇ ಸೆಕೆಂಡುಗಳಲ್ಲಿ ಮಿದುಳು ಸೇರಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಚಹಾದಂಗಡಿ, ಗೆಳೆಯರ ಗುಂಪು, ಪಾಳಿ ಮುಗಿಯುವ ಗಳಿಗೆಗಳನ್ನು ಸಿಗರೇಟಿಗೆ ಗಂಟು ಹಾಕುವುದೂ ಇದೇ ಡೋಪಮಿನ್. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಬಿಡುವವರ ಸಂಖ್ಯೆಯನ್ನು ಹೆಚ್ಚಿಸುತ್ತದೆ ಎನ್ನುವುದೂ ಪ್ರಯೋಗಗಳಲ್ಲಿ ಸಾಬೀತಾಗಿದೆ. ಆದರೆ ಪಟ್ಟಿ ಹಾಕಿಕೊಂಡ ಬಹುಪಾಲು ಜನ ಮತ್ತೆ ಸಿಗರೇಟಿಗೆ ಮರಳುತ್ತಾರೆ, ಏಕೆಂದರೆ ಪಟ್ಟಿ ರಕ್ತಕ್ಕೆ ನಿಕೋಟಿನ್ ಒದಗಿಸಬಲ್ಲದು, ಈ ಗಂಟನ್ನು ಬಿಡಿಸಲಾರದು. ತಲೆಗೆ ಕಾಂತೀಯ ಸ್ಪಂದನ ಕೊಟ್ಟು ಇನ್ಸುಲಾ ಮತ್ತು ಮಿದುಳಿನ ಮುಂಭಾಗವನ್ನು ಪ್ರಚೋದಿಸುವ ಸಾಧನಕ್ಕೆ ಅಮೆರಿಕ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲೂ ಬಿಟ್ಟವರಿಗಿಂತ ಬಿಡದವರೇ ಹೆಚ್ಚು. ದೋಣಿಮಲೈಯ ಕಾರ್ಮಿಕನಿಗೆ ಅಂಥ ಯಂತ್ರ ಸದ್ಯಕ್ಕೆ ದೂರದ ಮಾತು.

ಆದ್ದರಿಂದ ಗಣಿ ಊರಿನಲ್ಲಿ ಸಲಹೆ ಕೊಡುವವರು ದಿನಕ್ಕೆ ಎಷ್ಟು ಸಿಗರೇಟು ಎಂದು ಕೇಳಿ ಸುಮ್ಮನಾದರೆ ಸಾಲದು. ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ ಎಂದೂ ಕೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಭಾಗವಾಗಿರುವ ತಂಬಾಕು ತ್ಯಜಿಸುವವರ ಉಚಿತ ಸಹಾಯವಾಣಿಯ ಸಂಖ್ಯೆ, 1800-11-2356, ಸಿಗರೇಟು ಪ್ಯಾಕಿನ ಮೇಲೆಯೇ ಇದೆ. ಅಲ್ಲಿಗೆ ಕರೆ ಮಾಡಲು ಪಾಳಿ ಮುಗಿಯುವ ಹದಿನೈದು ನಿಮಿಷ ಮುಂಚಿನ ಹೊತ್ತೇ ಒಳ್ಳೆಯದು, ಮನೆಗೆ ಹೋಗಿ ಊಟ ಮುಗಿಸಿದ ಮೇಲಿನ ಹೊತ್ತಲ್ಲ.