ನಿಮಗಿದು ಗೊತ್ತೇ? ಹೊಳೆಯ ಮೇಲಿನ ಕಬ್ಬಿಣ

ಕುಮಾರ ಪಾರ್ಕಿನಲ್ಲಿರುವ ನಮಗೆ ಹೊಳೆ ದಾಟುವ ಪ್ರಸಂಗವೇ ಬರುವುದಿಲ್ಲ. ಪಕ್ಕದ ಮಲ್ಲೇಶ್ವರದಲ್ಲಿ ಹುಟ್ಟುವ ವೃಷಭಾವತಿಯೂ ಈಗ ಮೋರಿಯಾಗಿ ಸಾಗುತ್ತಾಳೆ. ಆದರೆ ರಾತ್ರಿ ಮಲ್ಲೇಶ್ವರ ಹಾದು ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾದ ಮೇಲೆ ಘಟಪ್ರಭೆಯ ಸೀಮೆ.

ಅಲ್ಲಿನ ಗೋಕಾಕ ಫಾಲ್ಸ್‌ನ ತೂಗುಸೇತುವೆಯ ಉದ್ದ ಸುಮಾರು 201 ಮೀಟರ್, ಗೊತ್ತೇ? ಬಂಡೆಯ ಪಾತ್ರದಿಂದ 14 ಮೀಟರ್ ಎತ್ತರದಲ್ಲಿ ತೂಗುತ್ತದೆ. ತುಸು ಮುಂದೆ ನದಿ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಎದುರಿನಿಂದ ಒಬ್ಬರು ನಡೆದು ಬಂದರೆ ಸಾಕು, ಅವರ ಹೆಜ್ಜೆ ನಮ್ಮ ಅಂಗಾಲಿಗೆ ತಿಳಿಯುತ್ತದೆ. ಕೈ ತಾನಾಗಿ ಪಕ್ಕದ ಕಬ್ಬಿಣವನ್ನು ಹುಡುಕುತ್ತದೆ. ಇಲ್ಲಿನ ನೂಲಿನ ಗಿರಣಿ 1887ರಲ್ಲೇ ಈ ನೀರಿನ ಬಲದಿಂದ ಓಡಿತ್ತು.

ತೂಗುಸೇತುವೆಯ ಮೇಲೆ ಕವಾಯತಿನ ನಡಿಗೆ ಏಕೆ ಕೂಡದು? 1831ರಲ್ಲಿ ಇಂಗ್ಲೆಂಡಿನ ಬ್ರಾಟನ್‌ನಲ್ಲಿ 74 ಸೈನಿಕರು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಾಗ ಸೇತುವೆ ಜೀಕತೊಡಗಿತು. ಹುಡುಗರಿಗೆ ಅದೇ ಮೋಜೆನಿಸಿ ಇನ್ನಷ್ಟು ಜೋರಾಗಿ ಕಾಲು ಹಾಕಿದರು. ಬೋಲ್ಟೊಂದು ಮುರಿದು ಸುಮಾರು 40 ಮಂದಿ ನೀರಿಗೆ ಬಿದ್ದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಸೇತುವೆ ಬಂದಾಗ ಹೆಜ್ಜೆ ಮುರಿದು ನಡೆಯಬೇಕೆಂಬ ಆಜ್ಞೆ ಬ್ರಿಟಿಷ್ ಸೈನ್ಯದಲ್ಲಿ ಆಮೇಲೆ ಬಂತು.

ಜಗತ್ತಿನ ಮೊದಲ ದೊಡ್ಡ ಎರಕದ ಕಬ್ಬಿಣದ ಸೇತುವೆಯನ್ನು ಬಡಗಿಗಳ ಕ್ರಮದಲ್ಲಿ ಜೋಡಿಸಿದ್ದರು! 1779ರಲ್ಲಿ ಸೆವರ್ನ್ ನದಿಯ ಮೇಲೆ ನಿಂತ ಅದರಲ್ಲಿ ತೂತಿಗೆ ಗೂಟ ಕೂರಿಸಿ, ಬೆಣೆ ಬಡಿದು ಬಿಗಿ ಮಾಡಿದ್ದಾರೆ. ಕಬ್ಬಿಣಕ್ಕೆ ಬೇರೆ ವಿದ್ಯೆ ಇನ್ನೂ ಹುಟ್ಟಿರಲಿಲ್ಲ.

ಬಿಸಿಲಿಗೆ ಉಕ್ಕಿನ ಸೇತುವೆ ಬೆಳೆಯುತ್ತದೆ. 100 ಮೀಟರ್ ಉಕ್ಕು, ಶಾಖ 25 ಡಿಗ್ರಿ ಏರಿದರೆ 3 ಸೆಂಟಿಮೀಟರ್‌ನಷ್ಟು ಹಿಗ್ಗುತ್ತದೆ. ಅದಕ್ಕೇ ದೊಡ್ಡ ತೊಲೆಗಳ ಒಂದು ತುದಿಯನ್ನು ಬಿಗಿದು ಇನ್ನೊಂದನ್ನು ಉರುಳೆಯ ಮೇಲೆ ಇಡುತ್ತಾರೆ.

ನೇತ್ರಾವತಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಪಾಣೆಮಂಗಳೂರಿನ ಕಬ್ಬಿಣದ ಸೇತುವೆಯನ್ನು ಒಮ್ಮೆಯಾದರೂ ನಡೆದೇ ದಾಟಬೇಕು.

ಇನ್ನು ಸುಳ್ಯದ ಸಂಗತಿ. ಮಳೆಗಾಲದಲ್ಲಿ ಪಯಸ್ವಿನಿ ತುಂಬಿದರೆ ಅರಂಬೂರಿನವರಿಗೆ ಆಚೆ ದಡ ದೂರ. ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಮುಂದೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅವು ಕಾಲುಸೇತುವೆಗಳು: ಶಾಲೆಯ ಚೀಲ, ಹಾಲಿನ ಕ್ಯಾನು, ಅಡಿಕೆ ಮೂಟೆ ದಾಟಿದರೆ ಸಾಕು.